ಪಂಚಮ ಕೆಳಗಿಳಿದಾಗ

ಉಕುಲೇಲೆಯ ನಾಲ್ಕು ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಮೀಟಿದರೆ ಜಿ, ಸಿ, ಇ, ಎ. ಸಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಪ, ಸ, ಗ, ದ. ಮೊದಲು ಕೇಳಿಸುವ ಈ ಪಂಚಮ ಮಂದ್ರದ್ದಲ್ಲ, ಮಧ್ಯಸ್ಥಾಯಿಯದು. ಗಿಟಾರ್ ಕಲಿತ ಹೆಬ್ಬೆರಳು ಅಲ್ಲಿ ದಪ್ಪ ದನಿಯನ್ನು ನಿರೀಕ್ಷಿಸುತ್ತದೆ, ಸಿಗುವುದು ತೆಳು ದನಿ. 1879ರಲ್ಲಿ ಮದೀರಾ ದ್ವೀಪದ ವಲಸಿಗರು ಹೊನೊಲುಲುವಿಗೆ ತಂದ ಪುಟ್ಟ ವಾದ್ಯದಿಂದ ಹವಾಯಿಯಲ್ಲಿ ರೂಪುಗೊಂಡ ಉಕುಲೇಲೆಯ ಅರ್ಧ ಚೆಲುವು ಈ ಎತ್ತರದ ಪಂಚಮದಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಆ ತಂತಿ ತೆಗೆದು ದಪ್ಪದ್ದನ್ನು ಹಾಕಿ, ಪಂಚಮವನ್ನು ಮಂದ್ರಕ್ಕೆ ಇಳಿಸಿಕೊಳ್ಳುವವರು ಈಗ ಬಹಳ. ಇದೇ ಲೋ-ಜಿ ಶ್ರುತಿ, ಮೊದಲಿನದು ಹೈ-ಜಿ. ಷಡ್ಜದ ಕೆಳಗೆ ಪ, ದ, ನಿ ಹೆಚ್ಚಿಗೆ ದಕ್ಕುತ್ತವೆ, ಅದು ದೊಡ್ಡ ಲಾಭವೇ. ತೊಡಕು ಶುರುವಾಗುವುದು ಹಳೆಯ ಟ್ಯಾಬ್ ಮುಂದಿಟ್ಟುಕೊಂಡು ಬೆರಳಾಡಿಸಿದಾಗ. ಟ್ಯಾಬ್ ಹೇಳುವುದು ಯಾವ ತಂತಿ, ಎಷ್ಟನೇ ಫ್ರೆಟ್ ಎಂಬುದನ್ನಷ್ಟೇ. ಸ್ಥಾಯಿಯ ಸುದ್ದಿ ಅದರಲ್ಲಿಲ್ಲ.

ಹೈ-ಜಿಯಲ್ಲಿ, ಸ್ವರಗಳನ್ನು ಆದಷ್ಟೂ ಬೇರೆ ಬೇರೆ ತಂತಿಗಳಿಗೆ ಹಂಚುವ ಕ್ಯಾಂಪನೆಲಾ ಶೈಲಿಯಲ್ಲಿ ಶಂಕರಾಭರಣದ ಆರೋಹಣವನ್ನೇ ನುಡಿಸಿ ನೋಡಿ. ತಂತಿಗಳ ಎಣಿಕೆ ಕೆಳಗಿನಿಂದ. ಮೂರನೇ ತಂತಿಯನ್ನು ಒತ್ತದೆ ಮೀಟಿದರೆ ಸ, ಅದರ ಎರಡನೇ ಫ್ರೆಟ್ಟಿನಲ್ಲಿ ರಿ. ಎರಡನೇ ತಂತಿಯಲ್ಲಿ ಒತ್ತದೆ ಗ, ಮೊದಲ ಫ್ರೆಟ್ಟಿನಲ್ಲಿ ಮ. ಸೊಗಸೆಲ್ಲ ಇದರ ಮುಂದಿದೆ. ಪ ನಾಲ್ಕನೇ ತಂತಿಯಲ್ಲಿ, ದ ಮೊದಲ ತಂತಿಯಲ್ಲಿ, ನಿ ಮತ್ತೆ ನಾಲ್ಕನೆಯದರ ನಾಲ್ಕನೇ ಫ್ರೆಟ್ಟಿನಲ್ಲಿ, ತಾರಷಡ್ಜ ಮೊದಲನೆಯದರ ಮೂರನೇ ಫ್ರೆಟ್ಟಿನಲ್ಲಿ. ಪ ಇನ್ನೂ ಮೊಳಗುತ್ತಿರುವಾಗಲೇ ದ, ಅದು ಅಡಗುವ ಮುನ್ನವೇ ನಿ. ಸ್ವರಗಳು ಒಂದರ ಮೇಲೊಂದು ಹರಿದು ಬರುತ್ತವೆ. ಅಮೆರಿಕದ ಜಾನ್ ಕಿಂಗ್ ಈ ಬಗೆಯಲ್ಲಿ ಬಾಖ್‌ನ ಮೂರನೇ ವಯಲಿನ್ ಪಾರ್ಟಿಟಾವನ್ನೇ ಉಕುಲೇಲೆಗೆ ಒಗ್ಗಿಸಿದರು.

ಅದೇ ಬೆರಳಿಕೆಯನ್ನು ಲೋ-ಜಿಯಲ್ಲಿ ನುಡಿಸಿದರೆ ಮಧ್ಯಮ ಮುಗಿದೊಡನೆ ರಾಗ ಮಂದ್ರಕ್ಕೆ ಬೀಳುತ್ತದೆ, ಧೈವತಕ್ಕೆ ಎದ್ದು ನಿಷಾದಕ್ಕೆ ಮತ್ತೆ ಬೀಳುತ್ತದೆ. ಪಂಚಮವನ್ನು ಎರಡನೇ ತಂತಿಯ ಮೂರನೇ ಫ್ರೆಟ್ಟಿಗೂ ನಿಷಾದವನ್ನು ಮೊದಲ ತಂತಿಯ ಎರಡನೆಯದಕ್ಕೂ ಸರಿಸಿದರೆ ಸ್ವರ ಸರಿಹೋಗುತ್ತದೆ. ಆದರೆ ದ, ನಿ, ಸ ಮೂರೂ ಈಗ ಒಂದೇ ತಂತಿಯಲ್ಲಿ. ಮುಂದಿನ ಸ್ವರ ಹುಟ್ಟಬೇಕಾದರೆ ಹಿಂದಿನದು ಸಾಯಲೇಬೇಕು. ಇಲ್ಲಿಗೇ ನಿಲ್ಲಿಸಿದರೆ ಕೈಗೆ ಬರುವುದು ಒಣಗಿದ ಕೃತಿ. ಕೆಲಸವಿಲ್ಲದೆ ಉಳಿದ ನಾಲ್ಕನೇ ತಂತಿಯನ್ನು ಹೆಬ್ಬೆರಳಿಗೆ ಕೊಟ್ಟು, ತಾಳದ ಹೆಜ್ಜೆಗೊಮ್ಮೆ ಮಂದ್ರಪಂಚಮವನ್ನೋ ಧೈವತವನ್ನೋ ಮೀಟಬೇಕು. ಮೊಳಗು ಹೋದ ಕಡೆ ಆಧಾರ ಬರುತ್ತದೆ. ಆಗ ಲಯವನ್ನು ತುಸು ಇಳಿಸಿ, ಆ ದಪ್ಪ ದನಿ ಕೇಳಿಸಲು ಸಮಯ ಕೊಡಬೇಕು.

ಲೋ-ಜಿಯಿಂದ ಹೈ-ಜಿಗೆ ಬರುವ ದಾರಿ ಇನ್ನೂ ಕಷ್ಟದ್ದು. ಗಾಂಧಾರ, ಮಧ್ಯಮಗಳಲ್ಲಿ ಸುಳಿಯುವ ರಾಗದ ಕೆಳಗಿದ್ದ ಪಂಚಮ ಹಾರಿ ಮೇಲೆ ಕೂರುತ್ತದೆ. ಕಿವಿ ಎಲ್ಲಕ್ಕಿಂತ ಮೇಲಿನ ದನಿಯನ್ನೇ ರಾಗವೆಂದು ಹಿಡಿಯುವುದರಿಂದ ಪಕ್ಕವಾದ್ಯವೇ ಹಾಡಿದಂತಾಗುತ್ತದೆ. ನಾನು ಮೊದಲು ನೋಡುವುದು ಇಡೀ ಕೃತಿಯನ್ನು ಮೇಲಕ್ಕೆತ್ತಲು ಆಗುತ್ತದೆಯೇ ಎಂದು. ಮಂದ್ರಪಂಚಮ ಷಡ್ಜಕ್ಕೆ ಬರುವಷ್ಟು ಎತ್ತಿದರೆ, ತಾರಷಡ್ಜದವರೆಗೆ ಹೋಗುತ್ತಿದ್ದ ರಾಗ ಮೊದಲ ತಂತಿಯ ಎಂಟನೇ ಫ್ರೆಟ್ಟಿನಲ್ಲಿ, ತಾರಮಧ್ಯಮದಲ್ಲಿ, ನಿಲ್ಲುತ್ತದೆ. ಪುಟ್ಟ ಸೊಪ್ರಾನೋ ಉಕುಲೇಲೆಯಲ್ಲೂ ಅದು ಕೈಗೆಟುಕುತ್ತದೆ. ರಾಗ ಅದಕ್ಕೂ ಮೇಲೇರುವುದಾದರೆ ಎತ್ತುವ ಯೋಚನೆ ಬಿಟ್ಟು, ಆಧಾರಸ್ವರಗಳನ್ನು ಮೂರನೇ ತಂತಿಗೆ ತಂದು ನಾಲ್ಕನೆಯದನ್ನು ಮೆಲ್ಲಗೆ ಮೀಟುವುದೇ ವಾಸಿ.

ಬ್ಯಾರಿಟೋನ್ ಉಕುಲೇಲೆ ಇರುವವರಿಗೆ ಈ ಗೋಜಿಲ್ಲ. ಅದರ ತಂತಿಗಳ ಅಂತರ ಲೋ-ಜಿಯದ್ದೇ ಆದ್ದರಿಂದ ಲೋ-ಜಿಯ ಟ್ಯಾಬ್ ಇದ್ದ ಹಾಗೇ ನಡೆಯುತ್ತದೆ, ಶ್ರುತಿ ಮಾತ್ರ ತಗ್ಗು.

ಯಾವ ದಿಕ್ಕಿಗೆ ಹೊರಟರೂ ಟ್ಯಾಬನ್ನು ಮೊದಲು ಸರಿಗಮದಲ್ಲಿ ಬರೆದುಕೊಳ್ಳಿ. ಮಂದ್ರಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ ಮೇಲೆ. ಸಂಗೀತ ಪಾಠಕ್ಕೆ ಹೋದ ನಮ್ಮಲ್ಲಿ ಹಲವರಿಗೆ ಇದು ಬಾಲ್ಯದಿಂದ ಬಂದ ವಿದ್ಯೆ. ಟ್ಯಾಬ್ ಮುಚ್ಚಿಡುವ ಸ್ಥಾಯಿಯನ್ನು ಈ ಚುಕ್ಕಿಗಳು ತೆರೆದಿಡುತ್ತವೆ. ನಾಲ್ಕನೇ ತಂತಿಯ ಪ್ರತಿಯೊಂದು ಸ್ವರವೂ ರಾಗದ್ದೋ ಆಧಾರದ್ದೋ ಎಂದು ಆಗ ಗುರುತು ಹಾಕಬಹುದು. ತಂತಿ ಬದಲಿಸುವಾಗ ನಟ್ಟಿನ ಕಚ್ಚನ್ನೂ ನೋಡಿ. ದಪ್ಪ ತಂತಿ ಅದರೊಳಗೆ ಕೂರದೆ ಮೇಲೆ ನಿಂತರೆ, ಮೊದಲ ಫ್ರೆಟ್ಟುಗಳಲ್ಲಿ ಒತ್ತಿದಾಗ ಶ್ರುತಿ ಏರುತ್ತದೆ.

ಲೋ-ಜಿಗೆ ತರಲೇಬಾರದ ಸಂಗೀತವೂ ಇದೆ. 1674ರಲ್ಲಿ ಗಿಟಾರ್ ಪಾಠದ ಪುಸ್ತಕ ಪ್ರಕಟಿಸಿದ ಸ್ಪೇನಿನ ಗಾಸ್ಪರ್ ಸಾನ್ಸ್, ನಯವಾಗಿ ಮೀಟಿ ನುಡಿಸಲು ದಪ್ಪ ತಂತಿಗಳಿಲ್ಲದ ಶ್ರುತಿಯನ್ನೇ ಮೆಚ್ಚಿದವನು. ಐದು ಜೋಡಿ ತಂತಿಗಳ ಆ ಗಿಟಾರಿನ ಮೊದಲ ನಾಲ್ಕರ ಅಂತರ ಹೈ-ಜಿ ಉಕುಲೇಲೆಯದ್ದೇ: ಪ, ಸ, ಗ, ದ. ನಮ್ಮಲ್ಲಿಲ್ಲದ ಐದನೆಯದು ರಿ. ಅವನ ‘ಕನಾರಿಯೋಸ್’ ನುಡಿಸುವಾಗ ಐದನೇ ತಂತಿಯ ಸ್ವರ ಬಂದಲ್ಲೆಲ್ಲ ಎರಡು ಫ್ರೆಟ್ ಕೂಡಿಸಿ ಮೂರನೇ ತಂತಿಯಲ್ಲಿ ಹುಡುಕಿ. ಹೆಚ್ಚಿನ ಕಡೆ ಬೆರಳು ಸಲೀಸಾಗಿ ಹೋಗುತ್ತದೆ. ಎರಡೂ ಸ್ವರ ಆ ಒಂದೇ ತಂತಿಯನ್ನು ಕೇಳುವ ಕಡೆ ಮಾತ್ರ ರಾಗವನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಿ.