ಇಪ್ಪತ್ತೈದು ಸೆಂಟಿನ ಪಿನ್ನು

ರಾಬರ್ಟ್ ಪಿರ್ಸಿಗ್ ಬರೆದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕವನ್ನು ನನ್ನ ಮುಂದೆ ಇದುವರೆಗೆ ಹೊಗಳಿದವರೆಲ್ಲ ಗಂಡಸರೇ. ಕೆಲವರು ಅದನ್ನು ತತ್ವಶಾಸ್ತ್ರ ಎಂದರು, ಕೆಲವರು ಪ್ರವಾಸ ಕಥನ ಎಂದರು. ಮೋಟಾರ್ ಸೈಕಲ್ಲಿನ ರಿಪೇರಿ ಅದರಲ್ಲಿ ಬರೀ ನೆಪ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಓದಿ ಮುಗಿಸಿದ ಮೇಲೆ ನನಗನಿಸಿದ್ದು ಬೇರೆ. ರಿಪೇರಿಯೇ ಈ ಪುಸ್ತಕದ ಗಟ್ಟಿ ಕಾಳು. ಅದರ ಬಲವನ್ನೂ ಅದರ ಸೋಲನ್ನೂ ಅಲ್ಲಿಯೇ ಹುಡುಕಬೇಕು.

ಕತೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1968ರ ಬೇಸಿಗೆಯಲ್ಲಿ ಪಿರ್ಸಿಗ್ ತನ್ನ ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಮೆರಿಕದ ಮಿನೆಸೋಟದಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ. ಅರ್ಧ ದಾರಿಯವರೆಗೆ ಜಾನ್ ಮತ್ತು ಸಿಲ್ವಿಯಾ ಎಂಬ ಗೆಳೆಯ ದಂಪತಿ ಇನ್ನೊಂದು ಬೈಕಿನಲ್ಲಿ ಜೊತೆಗಿದ್ದರು. ಆ ಪ್ರಯಾಣವನ್ನು ಹಂದರ ಮಾಡಿಕೊಂಡು ಬರೆದ ಪುಸ್ತಕವನ್ನು 121 ಪ್ರಕಾಶಕರು ಬೇಡವೆಂದರಂತೆ. 1974ರಲ್ಲಿ ಅಚ್ಚಾದ ಮೇಲೆ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಈತ ತರುಣನಾಗಿದ್ದಾಗ ನಮ್ಮ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಲು ಬಂದು, ಸಮಾಧಾನವಾಗದೆ ಹಿಂದಿರುಗಿದವನು.

ಪುಸ್ತಕದ ಮೊದಲ ಭಾಗದಲ್ಲೇ ಬರುವ ಒಂದು ಪ್ರಸಂಗ ನೋಡಿ. ಕಥಕನ ಬೈಕಿನ ಎಂಜಿನ್ನು ವೇಗದಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಹಿಡಿದುಕೊಂಡು ನಿಂತುಬಿಡುತ್ತದೆ. ಅಂಗಡಿಗೆ ಕೊಡುತ್ತಾನೆ. ಹುಡುಗರು ರೇಡಿಯೋ ಹಾಕಿಕೊಂಡು, ಹರಟುತ್ತಾ, ಬಿಚ್ಚಿ ಜೋಡಿಸಿ ಕೊಡುತ್ತಾರೆ. ಮತ್ತೆ ಹಿಡಿದುಕೊಳ್ಳುತ್ತದೆ. ಮತ್ತೆ ಅಂಗಡಿ. ಸುತ್ತಿಗೆ ಚಾಣದ ಪೆಟ್ಟು ಬೇರೆ ಬೈಕಿಗೆ ಬೀಳುತ್ತದೆ. ಕೊನೆಗೆ ಕಾರಣ ಕಂಡುಹಿಡಿದವನು ಅವನೇ. ಎಂಜಿನ್ನಿನ ಮೇಲ್ಭಾಗಕ್ಕೆ ಎಣ್ಣೆ ಹೋಗುವ ದಾರಿಯಲ್ಲಿ ಇಪ್ಪತ್ತೈದು ಸೆಂಟಿನ ಒಂದು ಪಿನ್ನು ಮುರಿದಿತ್ತು; ವೇಗ ಹೆಚ್ಚಿದಾಗ ಎಣ್ಣೆ ಏರುತ್ತಿರಲಿಲ್ಲ. ಆ ಹುಡುಗರಿಗೆ ಕೆಲಸ ಬರುತ್ತಿರಲಿಲ್ಲವೆಂದಲ್ಲ. ಅವರು ಅಲ್ಲಿದ್ದೂ ಇರಲಿಲ್ಲ, ಅಷ್ಟೇ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ನೋಡುತ್ತಿರಲಿಲ್ಲ. ಈ ಒಂದು ಮಾತನ್ನು ಪಿರ್ಸಿಗ್ ನಾಲ್ಕು ನೂರು ಪುಟ ತಿರುವಿ ತಿರುವಿ ಹೇಳುತ್ತಾನೆ.

ನನಗೆ ಈ ಮಾತು ನಾಟಿದ್ದಕ್ಕೆ ನನ್ನ ಸ್ಕೂಟರೂ ಕಾರಣ. ಗೇರಿಲ್ಲದ, ತಯಾರಿಕೆ ನಿಂತು ಎಷ್ಟೋ ವರ್ಷವಾದ ಹಳೆಯ ಗಾಡಿ. ಶಿವಮೊಗ್ಗದ ಮಳೆಯಲ್ಲಿ, ಬಿಸಿಲಿನಲ್ಲಿ ನನ್ನನ್ನು ಕಾಲೇಜಿಗೆ ಮುಟ್ಟಿಸಿದ ಗಾಡಿ. ಅದರ ಬೆಲ್ಟು ಒಂದೇ ವರ್ಷದಲ್ಲಿ ಮೂರು ಸಲ ಹರಿಯಿತು. ಪ್ರತಿ ಸಲವೂ ಗ್ಯಾರೇಜಿನಲ್ಲಿ ಒಂದೇ ಉತ್ತರ: “ಒರಿಜಿನಲ್ ಬೆಲ್ಟು ಈಗೆಲ್ಲಿ ಬರುತ್ತೆ ಮೇಡಂ, ಡೂಪ್ಲಿಕೇಟು ಇಷ್ಟೇ ಬಾಳಿಕೆ. ಮಾರಿ ಹೊಸದು ತಗೊಳ್ಳಿ.” ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಾನು ಬೆಲ್ಟಿನ ಲೆಕ್ಕವನ್ನೂ ಬರೆದಿಟ್ಟಿದ್ದೆ. ಒಂದು 2,300 ಕಿಲೋಮೀಟರು ಬಂದಿತ್ತು, ಇನ್ನೊಂದು 2,100, ಮತ್ತೊಂದು 2,200. ಮೂರೂ ಬೇರೆ ಬೇರೆ ಅಂಗಡಿಯವು, ಬೇರೆ ಬೇರೆ ತಯಾರಿಕೆಯವು. ಮೂರು ಬೇರೆ ಬೆಲ್ಟುಗಳು ಸರಿಸುಮಾರು ಒಂದೇ ಆಯುಸ್ಸು ಬರೆಸಿಕೊಂಡು ಬರುವುದುಂಟೆ? ಹಾಗಾದರೆ ಕೊಲ್ಲುತ್ತಿರುವವರು ಬೇರೆ ಯಾರೋ ಇದ್ದಾರೆ.

ಹರಿದ ಬೆಲ್ಟನ್ನು ಬಿಸಾಡಬೇಡಿ, ನನಗೆ ಕೊಡಿ ಎಂದು ಕೇಳಿ ಪಡೆದೆ. ಅದರ ಒಂದು ಅಂಚು ಎಣ್ಣೆಯಲ್ಲಿ ನೆಂದು ಹೊಳೆಯುತ್ತಿತ್ತು. ಬೆಲ್ಟು ಒಣಗಿರಬೇಕಾದದ್ದು, ಎಣ್ಣೆ ತಾಗಿದರೆ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಹರಿಯುತ್ತದೆ. ಎಣ್ಣೆ ಬರುತ್ತಿದ್ದದ್ದು ಹಿಂದಿನ ಪುಲ್ಲಿಯ ಬೆನ್ನಿಗಿರುವ ಗೇರು ಪೆಟ್ಟಿಗೆಯಿಂದ, ಸವೆದ ಆಯಿಲ್ ಸೀಲಿನ ಸಂದಿನಲ್ಲಿ. ಸೀಲು ಸವೆದದ್ದೇಕೆ? ಅದರ ಪಕ್ಕದ ಬೇರಿಂಗು ಸಡಿಲವಾಗಿ ಶಾಫ್ಟು ಅಲುಗುತ್ತಿತ್ತು. ಸೀಲು ಮಾತ್ರ ಬದಲಿಸಿದ್ದರೆ ಕೆಲವು ತಿಂಗಳಲ್ಲಿ ಅದೂ ಹೋಗುತ್ತಿತ್ತು. ಬೆಲ್ಟಿನ ಹಿಂದೆ ಸೀಲು, ಸೀಲಿನ ಹಿಂದೆ ಬೇರಿಂಗು. ಗ್ಯಾರೇಜಿನವರು ಮೊದಲ ಮೆಟ್ಟಿಲಿನಲ್ಲೇ ನಿಂತು ಮೂರು ಸಲ ದುಡ್ಡು ತೆಗೆದುಕೊಂಡಿದ್ದರು.

ಇನ್ನು ಸಿಗದ ಬಿಡಿಭಾಗದ ಮಾತು. ಗಾಡಿಯ ಹೆಸರು ಹೇಳಿ ಕೇಳಿದರೆ ಆಟೋ ಸ್ಪೇರ್ಸ್ ಅಂಗಡಿಯವರು ತಲೆಯಾಡಿಸಿಬಿಡುತ್ತಾರೆ. ಆದರೆ ಬೇರಿಂಗಿನ ಮೈಮೇಲೆ 6203 ಎಂದು ಕೊರೆದಿತ್ತು. ಒಳಗಿನ ತೂತು 17 ಮಿಲಿಮೀಟರ್, ಹೊರಗಿನ ಸುತ್ತಿನ ಅಡ್ಡಳತೆ 40, ದಪ್ಪ 12. ಯಾವ ದೇಶದ ಯಾವ ಕಂಪನಿ ಮಾಡಿದರೂ ಈ ಸಂಖ್ಯೆಗೆ ಇದೇ ಅಳತೆ. ಬಾವಿಯ ಪಂಪಿನ ಮೋಟಾರಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಬೇರಿಂಗು ಮಾರುವ ಅಂಗಡಿಯಲ್ಲಿ ಅದು ಕಪಾಟಿನ ತುಂಬ ಇರುತ್ತದೆ. ಸೀಲಿನ ಮೇಲೂ ಮೂರು ಸಂಖ್ಯೆ: ಒಳ ಅಳತೆ, ಹೊರ ಅಳತೆ, ದಪ್ಪ. ಅದೂ ಅಲ್ಲಿಯೇ ಸಿಕ್ಕಿತು. ಎರಡೂ ಸೇರಿ ಒಂದು ಬೆಲ್ಟಿನ ಅರ್ಧ ಬೆಲೆ ಆಗಲಿಲ್ಲ. ಗಾಡಿಯ ಹೆಸರು ಸತ್ತರೂ ಅಳತೆ ಸಾಯುವುದಿಲ್ಲ. ಮನೆಯಲ್ಲಿ ಹಳೆಯ ಗಾಡಿ, ಹಳೆಯ ಮಿಕ್ಸಿ, ಹಳೆಯ ಫ್ಯಾನು ಇಟ್ಟುಕೊಂಡಿರುವ ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬಹುದು.

ಈಗ ಪುಸ್ತಕಕ್ಕೆ ಬರುತ್ತೇನೆ. ಕೆಟ್ಟದ್ದನ್ನು ಹುಡುಕುವ ಕ್ರಮವನ್ನು ಪಿರ್ಸಿಗ್ ಹೇಳುವ ಪುಟಗಳು ನಿಜಕ್ಕೂ ಅಮೂಲ್ಯ. ತೊಂದರೆ ಏನು, ಕಾರಣ ಏನಿರಬಹುದೆಂಬ ಊಹೆ, ಆ ಊಹೆಗೆ ಒಂದು ಪರೀಕ್ಷೆ, ಏನಾಗಬೇಕು, ಏನಾಯಿತು, ಅದರಿಂದ ತಿಳಿದದ್ದೇನು: ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡು ಎನ್ನುತ್ತಾನೆ. ಗೊತ್ತಿರುವುದಕ್ಕಿಂತ ಒಂದು ಮಾತು ಹೆಚ್ಚು ಬರೆಯಬೇಡ ಎನ್ನುತ್ತಾನೆ. ಬಿಡಿಭಾಗ ತರಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗು, ಅಳತೆ ಮಾಡುವ ಉಪಕರಣವೂ ಜೊತೆಗಿರಲಿ ಎಂಬ ಬುದ್ಧಿವಾದವೂ ಇದೆ. ನಮ್ಮ ಅಜ್ಜಿಯರು ಕುಕ್ಕರಿನ ಗ್ಯಾಸ್ಕೆಟ್ಟು ತರಲು ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದದ್ದು ಇದೇ ಶಾಸ್ತ್ರ. ಅದಕ್ಕೆ ಯಾರೂ ಝೆನ್ ಎನ್ನಲಿಲ್ಲ.

ಜಾನ್‌ನ ಬಿ.ಎಂ.ಡಬ್ಲ್ಯು. ಬೈಕಿನ ಹ್ಯಾಂಡಲು ಸಡಿಲವಾಗಿ ಜಾರುವ ಪ್ರಸಂಗವೂ ಚೆನ್ನಾಗಿದೆ. ಬಿಯರ್ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ಸೇರಿಸಿದರೆ ಸಾಕು ಎಂದು ಕಥಕ ಹೇಳುತ್ತಾನೆ. ಜಾನ್ ಒಪ್ಪುವುದಿಲ್ಲ, ಅಷ್ಟು ಬೆಲೆಯ ಗಾಡಿಗೆ ಕುಡಿದು ಬಿಸಾಡಿದ ಡಬ್ಬಿಯೇ! ಒಬ್ಬನಿಗೆ ತಗಡಿನ ಗುಣ ಕಾಣುತ್ತದೆ, ಇನ್ನೊಬ್ಬನಿಗೆ ಡಬ್ಬಿಯ ಹೆಸರು ಕಾಣುತ್ತದೆ. ‘ಒರಿಜಿನಲ್’ ಎಂಬ ಪದಕ್ಕೆ ನಾವು ಎಷ್ಟು ಮರುಳಾಗಿದ್ದೇವೆಂದು ತಿಳಿಯಲು ಈ ನಾಲ್ಕು ಪುಟ ಸಾಕು.

ಆದರೂ ಒಂದು ಕೊರತೆ ಕಾಣುತ್ತದೆ. ಪಿರ್ಸಿಗ್‌ನ ಬೈಕು ಆಗಿನ್ನೂ ಹಳತಾಗಿರಲಿಲ್ಲ. ಅಂಗಡಿಯವನು ಒರಟನಾಗಿರಬಹುದು, ಆದರೆ ಭಾಗ ಎಲ್ಲೋ ಇದ್ದೇ ಇರುತ್ತದೆ. ಮಾಡುವ ಕಾರ್ಖಾನೆಯೇ ಇಲ್ಲದಾದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ನಮ್ಮ ಮೈಸೂರಿನಲ್ಲಿದೆ. ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಎಂಬ ಹೆಸರಿನಲ್ಲಿ ಬೇರೆ ಕಂಪನಿಯ ಹೊಸ ಬೈಕುಗಳು ಬಂದದ್ದು 2018ರಲ್ಲಿ. ನಡುವಿನ ಇಪ್ಪತ್ತೆರಡು ವರ್ಷ ಹಳೆಯ ಬೈಕುಗಳು ರಸ್ತೆಯಲ್ಲಿ ಓಡಿದ್ದು ಗುಜರಿ ಅಂಗಡಿಗಳಿಂದ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಯ ಹಳೆಯ ದಾಸ್ತಾನಿನಿಂದ, ಊರೂರಿನ ಲೇತಿನವರಿಂದ, ಒಂದು ಕೆಟ್ಟ ಗಾಡಿಯ ಭಾಗ ಕಳಚಿ ಇನ್ನೊಂದಕ್ಕೆ ಹಾಕುವ ಮೆಕ್ಯಾನಿಕ್ಕುಗಳಿಂದ. ಇದು ಒಬ್ಬಂಟಿಯ ಧ್ಯಾನವಲ್ಲ, ಹತ್ತು ಮಂದಿಯ ಕೊಡುಕೊಳ್ಳುವಿಕೆ. ಪಿರ್ಸಿಗ್ ಇದರ ಹತ್ತಿರ ಬರುವುದು ಒಂದೇ ಸಲ. ಪುಟ್ಟ ಊರಿನ ಮುದುಕ ವೆಲ್ಡರ್ ಒಬ್ಬ ತೆಳ್ಳನೆಯ ಚೈನ್ ಗಾರ್ಡನ್ನು ಅಚ್ಚುಕಟ್ಟಾಗಿ ಬೆಸೆದು ಕೊಟ್ಟು, ಒಂದು ಡಾಲರ್ ತೆಗೆದುಕೊಂಡು ಸುಮ್ಮನಾಗುತ್ತಾನೆ. ಆ ಮುದುಕನ ಬಳಿ ಕಥಕ ಇನ್ನೊಂದು ಗಳಿಗೆ ಕೂತಿದ್ದರೆ ಪುಸ್ತಕ ಇನ್ನಷ್ಟು ದೊಡ್ಡದಾಗುತ್ತಿತ್ತು.

ಎರಡನೆಯ ಕೊರತೆ ಹೆಂಗಸರದ್ದು. ಇಷ್ಟು ದೊಡ್ಡ ಪುಸ್ತಕದಲ್ಲಿ ಒಬ್ಬ ಹೆಂಗಸೂ ಸ್ಪ್ಯಾನರ್ ಹಿಡಿಯುವುದಿಲ್ಲ. ಸಿಲ್ವಿಯಾ ಗಂಡನ ಬೆನ್ನಿಗೆ ಕೂತವಳು. ಅವಳಿಗೆ ಯಂತ್ರವೆಂದರೆ ಆಗದು ಎಂದು ಕಥಕ ಬರೆದು ಮುಗಿಸುತ್ತಾನೆ. ಎದುರಿನಿಂದ ಕಾರುಗಳಲ್ಲಿ ಕೆಲಸಕ್ಕೆ ಹೋಗುತ್ತಿರುವ ಜನರ ಮುಖದ ದುಃಖವನ್ನು ಮೊದಲು ಗಮನಿಸಿದವಳು ಅವಳೇ. ಇನ್ನೊಬ್ಬಳು ಸಾರಾ, ಕಾಲೇಜಿನ ಸಹೋದ್ಯೋಗಿ. ಗಿಡಕ್ಕೆ ನೀರು ಹಾಕುವ ಪಾತ್ರೆ ಹಿಡಿದು ಹೋಗುತ್ತಾ, ನೀವು ಗುಣಮಟ್ಟವನ್ನು ಕಲಿಸುತ್ತೀರಲ್ಲವೇ ಎಂಬರ್ಥದ ಒಂದು ಮಾತು ಆಡಿ ಹೋಗುತ್ತಾಳೆ. ಆ ಮಾತಿನಿಂದಲೇ ಕಥಕನ ಇಡೀ ತತ್ವ ಮೊಳೆಯುತ್ತದೆ. ಬೀಜ ಹಾಕಿದವಳು ಪಾತ್ರೆ ಹಿಡಿದು ಆಚೆ ನಡೆದಳು. ಮರ ಇವನ ಹೆಸರಿಗಾಯಿತು. ನಮ್ಮ ಊರುಗಳಲ್ಲಿ ಇವತ್ತು ಸ್ಕೂಟರು ಓಡಿಸುವ ಹೆಂಗಸರು ಎಷ್ಟೊಂದು ಮಂದಿ; ಗ್ಯಾರೇಜಿನಲ್ಲಿ ಮಾತ್ರ “ಸಾರ್‌ನ ಕಳಿಸಿ ಮೇಡಂ” ಎನ್ನುವುದು ನಿಂತಿಲ್ಲ. ಈ ಪುಸ್ತಕ ಆ ಮಾತಿನ ವಿರುದ್ಧ ನಿಲ್ಲಬಹುದಿತ್ತು. ನಿಲ್ಲುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ದಾರಿಯುದ್ದಕ್ಕೂ ಹುಡುಗ ಕ್ರಿಸ್‌ಗೆ ಹೊಟ್ಟೆನೋವು. ಊಟ ಬಿಡುತ್ತಾನೆ, ಅಳುತ್ತಾನೆ, ಸಿಡುಕುತ್ತಾನೆ. ವೈದ್ಯರಿಗೆ ಕಾರಣ ಸಿಕ್ಕಿಲ್ಲ. ಮನಸ್ಸಿನ ಕಾಯಿಲೆಯ ಮೊದಲ ಲಕ್ಷಣ ಎಂದಿದ್ದಾರೆ. ಮನೋವೈದ್ಯರಿಗೆ ತೋರಿಸುವುದನ್ನು ಅಪ್ಪನೇ ನಿಲ್ಲಿಸಿದ್ದಾನೆ. ಅವರು ಅವನ ಒಡಹುಟ್ಟಿದವರಲ್ಲ, ಬಂಧುಗಳಲ್ಲ ಎಂಬಂಥ ಕಾರಣ ಕೊಡುತ್ತಾನೆ. ಹಾಗಾದರೆ ಬಂಧುವಾದ ನೀನು ಏನು ಮಾಡಿದೆ ಎಂದು ಓದುತ್ತಿರುವ ನನಗೆ ಕೇಳಬೇಕೆನಿಸುತ್ತದೆ. ಎಂಜಿನ್ನು ಮತ್ತೆ ಮತ್ತೆ ಹಿಡಿದುಕೊಂಡಾಗ ಬಿಡದೆ ಹುಡುಕಿದವನು, ಮಗನ ಹೊಟ್ಟೆ ಮತ್ತೆ ಮತ್ತೆ ಹಿಡಿದುಕೊಂಡಾಗ ಒಂದೂ ಊಹೆ ಬರೆದಿಡುವುದಿಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಎನ್ನುವ ಮಗುವನ್ನು ಕಂಡ ಯಾವ ತಾಯಿಗಾದರೂ ಗೊತ್ತು, ನೋವು ಹೊಟ್ಟೆಯಲ್ಲೇ ಹುಟ್ಟಬೇಕೆಂದಿಲ್ಲ. ಓಮದ ನೀರು ಕುಡಿಸುವುದು ಬೆಲ್ಟು ಬದಲಿಸಿದಂತೆ. ಹಿಂದಿನ ಮೆಟ್ಟಿಲಿಗೆ ಹೋಗಬೇಕು.

ಕ್ರಿಸ್‌ನ ಹಿಂದಿನ ಮೆಟ್ಟಿಲು ಅವನಪ್ಪನೇ. ಕಥಕನಿಗೆ ಹಿಂದೊಮ್ಮೆ ಬುದ್ಧಿಭ್ರಮಣೆಯಾಗಿತ್ತು. ಆಸ್ಪತ್ರೆಯಲ್ಲಿ ತಲೆಗೆ ವಿದ್ಯುತ್ ಹಾಯಿಸಿ ಅವನ ಹಳೆಯ ವ್ಯಕ್ತಿತ್ವವನ್ನೇ ಅಳಿಸಿದ್ದರು. ಆ ಹಳೆಯ ತನ್ನನ್ನು ಅವನು ಫೀಡ್ರಸ್ ಎಂದು ಬೇರೆ ಹೆಸರಿಟ್ಟು ಕರೆಯುತ್ತಾನೆ. ಹುಡುಗ ಹುಡುಕುತ್ತಿದ್ದದ್ದು ಆ ಅಪ್ಪನನ್ನು. ನೀನು ನಿಜವಾಗಿ ಹುಚ್ಚನಾಗಿದ್ದೆಯಾ ಎಂದು ಅವನು ಕೊನೆಗೆ ಕೇಳುತ್ತಾನೆ. ಇಲ್ಲ ಎಂಬ ಒಂದು ಉತ್ತರದಿಂದ ಅವನ ಮುಖ ಬೆಳಗುತ್ತದೆ. ಅಷ್ಟು ದಿನ ಅಪ್ಪನ ಬೆನ್ನು ನೋಡಿಕೊಂಡೇ ಬಂದವನು, ಆಮೇಲೆ ಕಾಲು ಊರುವ ಕಡ್ಡಿಗಳ ಮೇಲೆ ಎದ್ದು ನಿಂತು ಅವನ ಹೆಗಲ ಮೇಲಿಂದ ರಸ್ತೆ ನೋಡುತ್ತಾನೆ. ಇಪ್ಪತ್ತೈದು ಸೆಂಟಿನ ಪಿನ್ನು ಅದೇ: ಒಂದು ಪ್ರಶ್ನೆ, ಒಂದು ನೇರ ಉತ್ತರ. ಅದು ಮೊದಲ ದಿನವೇ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಪಿರ್ಸಿಗ್‌ಗೆ ಇದು ತಿಳಿದಿತ್ತೇ? ತಿಳಿದೇ ಬರೆದ ಎಂದು ನನ್ನ ನಂಬಿಕೆ. ಮಗನ ಅಳುವನ್ನು ಅವನು ಎಲ್ಲಿಯೂ ಮುಚ್ಚಿಟ್ಟಿಲ್ಲ. ತಾನು ಸಿಟ್ಟಾದದ್ದನ್ನೂ ಬರೆದಿದ್ದಾನೆ. ಆದರೆ ಪುಸ್ತಕವನ್ನು ತಲೆಯ ಮೇಲೆ ಹೊತ್ತವರು ಗ್ರೀಕ್ ತತ್ವಜ್ಞಾನಿಗಳ ವಾದಗಳನ್ನು ಉದ್ಧರಿಸುತ್ತಾರೆ, ಹುಡುಗನ ಹೊಟ್ಟೆನೋವನ್ನು ದಾಟಿ ಹೋಗುತ್ತಾರೆ. ಗಮನ ಕೊಡುವುದೇ ಗುಣ ಎಂದು ಬೋಧಿಸುವ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ತತ್ವದ ಉದ್ದುದ್ದ ಪುಟಗಳು ನನಗೆ ಭಾರವೆನಿಸಿದವು. ಕೊನೆಯ ಮೂರನೆಯ ಒಂದು ಭಾಗವನ್ನು ಅರ್ಧಕ್ಕಿಳಿಸಬಹುದಿತ್ತು.

ಹಾಗಿದ್ದೂ ಓದಿ ಎಂದೇ ಹೇಳುತ್ತೇನೆ. ಎಂಜಿನ್ನಿನ ಪುಟಗಳನ್ನು ಪೆನ್ಸಿಲ್ ಹಿಡಿದು ಓದಿ, ಹುಡುಗ ಮಾತಾಡುವ ಪುಟಗಳನ್ನು ಎರಡು ಸಲ ಓದಿ. ಪಿರ್ಸಿಗ್ 2017ರಲ್ಲಿ ತೀರಿಕೊಂಡ. ಅವನ ಆ ಬೈಕು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅದನ್ನು ನೋಡಲು ಹೋದವರು ಮುಂದಿನ ಸೀಟನ್ನಷ್ಟೇ ಅಲ್ಲ, ಹಿಂದಿನದನ್ನೂ ನೋಡಲಿ.