ಆರು ಡಬ್ಬಿ, ಒಂದೇ ಜೇಡ

2021ರ ಜುಲೈನಲ್ಲಿ ಪೋಲೆಂಡ್‌ನಿಂದ ಚೆನ್ನೈಗೆ ಬಂದ ಅಂಚೆ ಪಾರ್ಸೆಲ್ ಒಂದನ್ನು ಕಸ್ಟಮ್ಸ್‌ನವರು ಬಿಚ್ಚಿದರು. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹತ್ತಿ, ಫಾಯಿಲ್ ಸುತ್ತಿದ 107 ಪುಟ್ಟ ಪ್ಲಾಸ್ಟಿಕ್ ಶೀಶೆಗಳಿದ್ದವು. ಒಂದೊಂದರಲ್ಲಿ ಒಂದೊಂದು ಜೀವಂತ ಜೇಡ. ತಮಿಳುನಾಡಿನ ಸಣ್ಣ ಊರೊಂದರ ವಿಳಾಸಕ್ಕೆ ಬಂದಿದ್ದ ಅವನ್ನು ಪರಿಶೀಲಿಸಿದ ತಜ್ಞರು ಬ್ರಾಕಿಪೆಲ್ಮಾ ಮುಂತಾದ ಟ್ಯಾರಂಟುಲಾಗಳೆಂದು ಗುರುತಿಸಿದರು. ಆಮದು ಪರವಾನಗಿಯೂ ಇಲ್ಲ, ಆರೋಗ್ಯ ಪತ್ರವೂ ಇಲ್ಲ. ಬಂದ ದಾರಿಯಲ್ಲೇ ವಾಪಸ್ ಕಳಿಸುವುದೆಂದು ತೀರ್ಮಾನವಾಯಿತು. ಈ ಸುದ್ದಿಯಲ್ಲಿ ನನ್ನ ಗಮನ ಸೆಳೆದದ್ದು ಕಳ್ಳಸಾಗಣೆಗಿಂತ ಲೆಕ್ಕ. ಶೀಶೆ 107, ಜಾತಿಗಳೋ ಬೆರಳೆಣಿಕೆ.

ಟ್ಯಾರಂಟುಲಾ ಸಾಕುವವರ ಲೋಕದಲ್ಲಿ ಇದು ಮಾಮೂಲು. ಒಂದೇ ಜಾತಿಯ ಮರಿಗಳನ್ನು ನಾಲ್ಕೋ ಆರೋ ಒಟ್ಟಿಗೆ ಕೊಳ್ಳುತ್ತಾರೆ, ಬೇರೆ ಬೇರೆ ಡಬ್ಬಿಯಲ್ಲಿಟ್ಟು ಬೇರೆ ಬೇರೆಯಾಗಿ ಮೇವು ಹಾಕುತ್ತಾರೆ. ಹೊರಗಿನವರಿಗೆ ಇದು ಅರ್ಥವಾಗದ ಚಟ. ಹಗಲೆಲ್ಲ ಮೂಲೆಯಲ್ಲಿ ಮುದುರಿ ಕೂರುವ, ಒಂದರ ಹಾಗೇ ಇನ್ನೊಂದಿರುವ ಜೀವಿಯನ್ನು ಆರು ಸಲ ಯಾಕೆ ಕೊಳ್ಳಬೇಕು? ರೇಷ್ಮೆ ಹುಳು ಸಾಕುವ ಶಿಡ್ಲಘಟ್ಟದ ಕಡೆಯವರಿಗೆ ಈ ಪ್ರಶ್ನೆ ಅಷ್ಟು ವಿಚಿತ್ರವೆನಿಸಬಾರದು. ನೂರು ಮೊಟ್ಟೆ ತಂದೆ ಎಂದರೆ ಇಲ್ಲಿ ನೂರು ಚಿಟ್ಟೆ ಇಟ್ಟ ಮೊಟ್ಟೆ ಎಂದೇ ಲೆಕ್ಕ, ಅಂದರೆ 40,000ಕ್ಕೂ ಮೇಲೆ ಹುಳು, ಎಲ್ಲವೂ ಒಂದೇ ತಳಿ. ನಮ್ಮ ಸೀಮೆ ಬದುಕುತ್ತಿರುವುದೇ ಒಂದೇ ಥರದ ಹುಳುವನ್ನು ಹೆಚ್ಚು ಹೆಚ್ಚು ಸಾಕುವುದರಿಂದ. ಹಾಗಾಗಿ ಹುಳು ಮನೆಯ ಅನುಭವವನ್ನೇ ಅಳತೆಗೋಲಾಗಿ ಹಿಡಿದು ಜೇಡ ಸಾಕುವವರ ಸಮರ್ಥನೆಗಳನ್ನು ತೂಗಿ ನೋಡಬಹುದು.

ಮೊದಲ ಸಮರ್ಥನೆ ಸಾವು. ಕೆಲವೇ ಮಿಲಿಮೀಟರ್ ಉದ್ದದ ಮರಿ ಒಂದು ದಿನ ನೀರಿಲ್ಲದೆ ಒಣಗೀತು, ಪೊರೆ ಬಿಡುವಾಗ ಸಿಕ್ಕಿಕೊಂಡು ಸತ್ತೀತು. ಆರು ತಂದರೆ ಎರಡು ಹೋದರೂ ನಾಲ್ಕು ಉಳಿಯುತ್ತವೆ ಎಂಬ ವಾದ. ಕೇಳಲು ಸರಿ, ಆದರೆ ನನಗೆ ಇದು ಎಲ್ಲಕ್ಕಿಂತ ದುರ್ಬಲ ಕಾರಣ. ಒಂದೇ ಕಡೆ ಒಂದೇ ದಿನ ಕೊಂಡ ಮರಿಗಳು ಸಾಮಾನ್ಯವಾಗಿ ಒಂದೇ ತಾಯಿಯ ಒಂದೇ ಮೊಟ್ಟೆಚೀಲದವು. ತಾಯಿಯಲ್ಲೋ ಆ ಮನೆಯಲ್ಲೋ ರೋಗವಿದ್ದರೆ ಆರಕ್ಕೂ ಅಪಾಯ. ರೇಷ್ಮೆ ಹುಳುವಿನ ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆಂದು 1860ರ ದಶಕದಲ್ಲಿ ಫ್ರಾನ್ಸ್‌ನ ಅಲೆಸ್‌ನಲ್ಲಿ ಕೆಲಸ ಮಾಡಿದ ಪಾಶ್ಚರ್ ತೋರಿಸಿದ ಮೇಲೆ ರೇಷ್ಮೆ ಲೋಕ ಕಲಿತದ್ದು ಇದನ್ನೇ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗಾಣು ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡು. ಜಾಸ್ತಿ ಮೊಟ್ಟೆ ತರಿಸಿ ನಷ್ಟ ತುಂಬಿಕೊಳ್ಳುವ ದಾರಿ ಅಲ್ಲಿ ಗೆಲ್ಲಲಿಲ್ಲ, ಪರೀಕ್ಷೆ ಗೆದ್ದಿತು. ಟ್ಯಾರಂಟುಲಾಗಳಲ್ಲೂ ಬಾಯಿಯ ಸುತ್ತ ಸೇರಿಕೊಂಡು ಮೇವು ತಿನ್ನಲಾಗದಂತೆ ಮಾಡಿ ಕೊಲ್ಲುವ ದಾರದಂಥ ಹುಳುವಿದೆ. ಸಾಕುವವರಿಗೆ ಜೇಡ ಮಾರುವ ಕ್ಯಾಲಿಫೋರ್ನಿಯಾದ ವ್ಯಾಪಾರಿಯೊಬ್ಬರ ಸಂಗ್ರಹದಲ್ಲಿ ಕಂಡ ಅಂಥ ಒಂದು ಹೊಸ ಜಾತಿಗೆ 2022ರಲ್ಲಿ ಸಂಶೋಧಕರು ನಟ ಜೆಫ್ ಡೇನಿಯಲ್ಸ್ ಹೆಸರಿಟ್ಟರು. ಜೇಡದ ಸಿನಿಮಾದಲ್ಲಿ ನಟಿಸಿದ್ದಕ್ಕೆ ಸಿಕ್ಕ ಗೌರವ! ಅಂಥ ಮನೆಯಿಂದ ಆರು ಮರಿ ತಂದವನು ವಿಮೆ ಮಾಡಿಸಲಿಲ್ಲ, ಅಪಾಯವನ್ನೇ ಆರು ಪಟ್ಟು ಮಾಡಿಕೊಂಡ.

ಎರಡನೆಯ ಕಾರಣಕ್ಕೆ ಹೆಚ್ಚು ತೂಕವಿದೆ. ಮರಿಯಾಗಿದ್ದಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಸ್ವಲ್ಪ ಬೆಳೆದ ಮೇಲೆ ಬಿಟ್ಟ ಪೊರೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗೆ ಬಿಡಿಸಿ, ಹೊಟ್ಟೆಯ ಭಾಗದ ಒಳಮೈಯಲ್ಲಿ ವೀರ್ಯ ಕೂಡಿಡುವ ಚೀಲದ ಗುರುತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಇದ್ದರೆ ಹೆಣ್ಣು. ಹೆಣ್ಣಿಗೆ ಅಷ್ಟು ಬೆಲೆ ಯಾಕೆಂದರೆ ಆಯುಷ್ಯ. ಕೆಂಪು ಮಂಡಿಯ ಮೆಕ್ಸಿಕೋ ಜೇಡದ ಹೆಣ್ಣು 20 ವರ್ಷ ದಾಟಿ ಬದುಕಬಲ್ಲದು, ಗಂಡು ಕೊನೆಯ ಪೊರೆ ಬಿಟ್ಟು ಪ್ರೌಢವಾದ ಮೇಲೆ ವರ್ಷದ ಆಸುಪಾಸು. ಹೆಣ್ಣೆಂದು ಖಚಿತವಾದ ಜೇಡಕ್ಕೆ ಮರಿಯ ಹಲವು ಪಟ್ಟು ದರ ಕೊಡುವುದಕ್ಕಿಂತ ಮರಿಗಳನ್ನೇ ಹೆಚ್ಚು ತಂದು ಬೆಳೆಸಿ ನೋಡೋಣ ಎಂದು ಜನ ಹೊರಡುತ್ತಾರೆ.

ಲೆಕ್ಕ ಅವರ ಪರವಾಗಿಯೇ ಇದೆ. ಗಂಡು ಹೆಣ್ಣು ಸಮಸಮ ಹುಟ್ಟುತ್ತವೆಂದು ಹಿಡಿದರೆ, ಎರಡು ಮರಿ ಕೊಂಡಾಗ ಜೋಡಿ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ಮೂರಕ್ಕೆ ಶೇ. 75, ನಾಲ್ಕಕ್ಕೆ ಶೇ. 87ರ ಮೇಲೆ. ಆರು ಕೊಂಡರೆ ಎಲ್ಲವೂ ಒಂದೇ ಲಿಂಗದವಾಗುವ ಸಾಧ್ಯತೆ 32ರಲ್ಲಿ ಒಂದು ಮಾತ್ರ. ಆರು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ.

ಆದರೆ ಜೋಡಿ ಸಿಕ್ಕಿತೆಂದ ಮಾತ್ರಕ್ಕೆ ಕೂಡಿಸಲಾಗುವುದಿಲ್ಲ. ಗಂಡು ಬೇಗ ಪ್ರೌಢವಾಗುತ್ತದೆ. ಒಂದೇ ಚೀಲದಲ್ಲಿ ಹುಟ್ಟಿದ ಹೆಣ್ಣು ಇನ್ನೂ ಬೆಳೆಯುತ್ತಿರುವಾಗಲೇ ಗಂಡಿನ ಕಾಲ ಮುಗಿಯುತ್ತ ಬರುತ್ತದೆ. ಅದಕ್ಕೇ ಹೆಣ್ಣಿಗೆ ಹೊಟ್ಟೆ ತುಂಬ ಮೇವು ಹಾಕಿ, ಗಂಡನ್ನು ತಂಪಿನಲ್ಲಿಟ್ಟು ಕಡಿಮೆ ಮೇವಿನಲ್ಲಿ ಹಿಡಿದಿಡುವ ಉಪಾಯ ಮಾಡುತ್ತಾರೆ. ಮೊಟ್ಟೆ ತಯಾರಿಸುವ ಕೋಠಿಗಳಲ್ಲಿ ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಸಿಎಸ್‌ಆರ್-2 ತಳಿಯ ಗಂಡನ್ನು ಕೂಡಿಸಿ ಅಡ್ಡತಳಿ ಮೊಟ್ಟೆ ತೆಗೆಯುವವರಿಗೂ ಇದೇ ತಲೆನೋವು. ಎರಡೂ ಒಂದೇ ಬೆಳಿಗ್ಗೆ ಗೂಡಿನಿಂದ ಹೊರಬರಬೇಕು. ಮೊದಲು ಬಂದ ಗಂಡು ಚಿಟ್ಟೆಗಳನ್ನು 5 ಡಿಗ್ರಿ ತಂಪಿನಲ್ಲಿಟ್ಟು ಕಾಯಿಸುತ್ತಾರೆ. ಆದರೆ ಅಲ್ಲಿ ತಾಯಿ ಒಂದು ತಳಿ, ತಂದೆ ಇನ್ನೊಂದು, ಎರಡಕ್ಕೂ ದಾಖಲೆಯಿದೆ. ಜೇಡದ ಆರು ಡಬ್ಬಿಯಲ್ಲಿರುವುದು ಅಣ್ಣತಂಗಿಯರು. ವಂಶ ಬೆಳೆಸುತ್ತೇನೆಂದು ಒಂದೇ ಚೀಲದ ಆರನ್ನು ಕೊಳ್ಳುವವನು ಸಮಯದಲ್ಲೂ ಸೋಲುತ್ತಾನೆ, ರಕ್ತದಲ್ಲೂ ಸೋಲುತ್ತಾನೆ. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ವಯಸ್ಸಿನವನ್ನು ಕೊಳ್ಳುವವನ ಮಾತು ಬೇರೆ. ಅವನ ಕೆಲಸವನ್ನು ನಾನು ಮೆಚ್ಚುತ್ತೇನೆ.

ಇನ್ನು ‘ಒಂದೇ ಜಾತಿ’ ಎಂಬ ಭರವಸೆಯೂ ಗಟ್ಟಿಯಲ್ಲ. ಮೇಲೆ ಹೇಳಿದ ಕೆಂಪು ಮಂಡಿಯ ಜೇಡ ಬ್ರಾಕಿಪೆಲ್ಮಾ ಸ್ಮಿತಿ ಎಂಬ ಹೆಸರಿನಲ್ಲಿ ಎಷ್ಟೋ ವರ್ಷ ಮಾರಾಟವಾಯಿತು. 2017ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ಗುಂಪನ್ನು ಮತ್ತೆ ವಿಂಗಡಿಸಿದಾಗ ಅಂಗಡಿಗಳಲ್ಲಿದ್ದ ಬಹುಪಾಲು ಬ್ರಾಕಿಪೆಲ್ಮಾ ಹಮೋರಿ ಎಂಬ ಬೇರೆ ಜಾತಿಯೆಂದು ತಿಳಿಯಿತು. ಅಲ್ಲಿಯವರೆಗೆ ಚೀಟಿ ನೋಡಿ ಜೋಡಿ ಮಾಡಿದವರು ಎಷ್ಟು ಕಲಬೆರಕೆ ಮರಿ ಎಬ್ಬಿಸಿದರೋ!

ಮೆಕ್ಸಿಕೋ ಜೇಡದ ಮಾತಾಯಿತು, ನಮಗೆ ಹತ್ತಿರದ ಜೇಡದ ಕತೆ ಗುತ್ತಿಯದು. ಗೌರಿಬಿದನೂರು ದಾಟಿ ಹಿಂದೂಪುರ, ಧರ್ಮಾವರಂ, ಅನಂತಪುರದ ಮೇಲೆ ಹೋಗುವ ರೈಲು ದಾರಿಯಲ್ಲಿ ಇನ್ನೂ ಮುಂದಕ್ಕಿರುವ ಊರು. 1899ರಲ್ಲಿ ಅಲ್ಲಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ನೀಲಿ ಜೇಡವನ್ನು ಪೋಕಾಕ್ ಎಂಬ ವಿಜ್ಞಾನಿ ಪೀಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಸಿದ. ಎಲ್ಲಿಂದಲೋ ಬಂದ ಸೌದೆಯ ಜೊತೆ ಬಂದಿರಬೇಕೆಂದು ಊಹೆ. ಆಮೇಲೆ ಒಂದು ಶತಮಾನ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಅದರ ನೆಲೆ 100 ಚದರ ಕಿಲೋಮೀಟರಿಗಿಂತ ಕಡಿಮೆ ಎಂದು ಅಂದಾಜಿಸಿ, 2008ರಲ್ಲಿ ತೀವ್ರ ಅಪಾಯದ ಪಟ್ಟಿಗೆ ಸೇರಿಸಿದರು. ಇವತ್ತು ಯುರೋಪ್, ಅಮೆರಿಕದ ಮನೆಗಳಲ್ಲಿ ಈ ನೀಲಿ ಜೇಡ ಎಷ್ಟೋ ತಲೆಮಾರು ಕಂಡಿದೆ. ಪೀಸಿಲೊಥೀರಿಯಾ ಗುಂಪಿನ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲಿ ಸೈಟಿಸ್ ಒಪ್ಪಂದದ ನಿಯಂತ್ರಣ ಬಂತು.

ಈ ಗುಂಪಿನ ಮರಿಗಳು ಒಂದೇ ಪೊಟರೆಯಲ್ಲಿ ಸ್ವಲ್ಪ ಕಾಲ ಕೂಡಿರುವುದುಂಟು. ಅದನ್ನೇ ನೆಪ ಮಾಡಿ ಹಲವರು ಆರೆಂಟು ಮರಿಗಳನ್ನು ಒಂದೇ ಗಾಜಿನ ಪೆಟ್ಟಿಗೆಗೆ ಬಿಡುತ್ತಾರೆ. ನೋಡಲು ಸೊಗಸು, ಒಪ್ಪುತ್ತೇನೆ. ಆದರೆ ಒಂದು ಪೊರೆ ಬಿಟ್ಟು ಮೆತ್ತಗಿರುವಾಗ ಇನ್ನೊಂದು ತಿಂದುಬಿಡುವ ಸಂಭವ ಇದ್ದೇ ಇದೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ತಟ್ಟೆ ಅಲುಗಿಸಬೇಡವೆನ್ನುವ ಮನೆಯಲ್ಲಿ ಬೆಳೆದವರಿಗೆ ಈ ಪ್ರದರ್ಶನ ಒಗ್ಗುವುದಿಲ್ಲ.

ಗಡಿ ದಾಟಿ ಬರುವ ಶೀಶೆಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ್ದೇನಿಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ, ರೇಷ್ಮೆ ಹುಳುವಿಗೆ ಶತ್ರುವಾದ ಊಜಿ ನೊಣಕ್ಕೆ ಹೆದರಿ ಇಂದಿಗೂ ಹುಳು ಮನೆಯ ಕಿಟಕಿಗೆ ನೈಲಾನ್ ಜಾಲರಿ ಕಟ್ಟುತ್ತೇವೆ. ಆರೋಗ್ಯ ಪತ್ರವಿಲ್ಲದ ಪಾರ್ಸೆಲನ್ನು ವಾಪಸ್ ಕಳಿಸಿದ ಕಸ್ಟಮ್ಸ್‌ನವರದು ಅತಿರೇಕವೆಂದು ಯಾರಾದರೂ ದೂರಿದರೆ ಅವರನ್ನು ಚಿಂತಾಮಣಿ ತಾಲ್ಲೂಕಿನ ಯಾವುದಾದರೂ ಹುಳು ಮನೆಗೆ ಕರೆದುಕೊಂಡು ಹೋಗಬೇಕು.

ಇಷ್ಟೆಲ್ಲ ತೂಗಿದ ಮೇಲೂ ಆರು ಡಬ್ಬಿಯವನನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಐವತ್ತು ಜಾತಿಯ ಒಂದೊಂದು ಜೇಡ ಕೂಡಿಹಾಕುವವನ ಮನೆಯಲ್ಲಿ ವಂಶ ಮುಂದುವರಿಯುವ ಮಾತೇ ಇಲ್ಲ. ಆ ಐವತ್ತೂ ಅಲ್ಲೇ ಮುಗಿಯುತ್ತವೆ, ಮತ್ತೆ ಐವತ್ತಕ್ಕೆ ಎಲ್ಲಿಂದಲೋ ಬೇಡಿಕೆ. ಆರು ಡಬ್ಬಿಯವನು ಕನಿಷ್ಠ ಮುಂದಿನ ತಲೆಮಾರನ್ನು ಯೋಚಿಸಿದ್ದಾನೆ. ಅವನ ತಪ್ಪು, ಎಲ್ಲವನ್ನೂ ತಾನೇ ಮಾಡಲು ಹೊರಟದ್ದು. ಶಿಡ್ಲಘಟ್ಟದ ರೈತ ಚಿಟ್ಟೆ ಸಾಕುವುದಿಲ್ಲ. ಜೋಡಿ ಮಾಡುವುದು, ತಾಯಿಯನ್ನು ಪರೀಕ್ಷಿಸುವುದು ಕೋಠಿಯ ಕೆಲಸ. ಎರಡನೇ ಜ್ವರದವರೆಗೆ ಹುಳು ನೋಡಿಕೊಳ್ಳುವುದು ಚಾಕಿ ಕೇಂದ್ರದ್ದು. ಬಿಡಿಬಿಡಿಯಾಗಿ ಹಂಚಿಕೊಂಡದ್ದರಿಂದಲೇ ಆ ಕಸುಬು ನಿಂತಿದೆ.

ಜೇಡ ಸಾಕುವವರಲ್ಲೂ ಇಂಥ ಹಂಚಿಕೆ ಉಂಟು. ಪಶ್ಚಿಮದ ದೇಶಗಳಲ್ಲಿ ಪ್ರೌಢ ಗಂಡನ್ನು ಹೆಣ್ಣಿರುವವರಿಗೆ ಕಡ ಕೊಟ್ಟು, ಹುಟ್ಟಿದ ಮರಿಯಲ್ಲಿ ಅರ್ಧ ಪಾಲು ಪಡೆಯುವ ರೂಢಿಯಿದೆ. ಹೆಣ್ಣು ಗಂಡನ್ನು ತಿಂದುಹಾಕಿದರೂ ಪಾಲು ಪಾಲೇ. ಹಾಗೆ ನಡೆಯುವಲ್ಲಿ ಒಬ್ಬನಿಗೆ ಒಂದು ಹೆಣ್ಣು ಸಾಕು, ಆರು ಡಬ್ಬಿ ಬೇಡ. ಇಲ್ಲಿ ಅದು ಕಷ್ಟ, ಯಾಕೆಂದರೆ ಪಾರ್ಸೆಲಿನಲ್ಲಿ ಕದ್ದು ತರಿಸಿದ ಜೇಡವನ್ನು ಯಾರಿಗೂ ತೋರಿಸುವಂತಿಲ್ಲ, ಕಡ ಕೊಡುವುದಂತೂ ದೂರದ ಮಾತು. ಸೈಟಿಸ್ ಪಟ್ಟಿಯ ಪರದೇಶಿ ಪ್ರಾಣಿ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಅದನ್ನು ನೋಂದಾಯಿಸಬೇಕು, ಹುಟ್ಟು ಸಾವು ತಿಳಿಸಬೇಕು ಎಂಬ ನಿಯಮ 2024ರ ಫೆಬ್ರುವರಿಯಲ್ಲಿ ಬಂದಿದೆ. ಹುಟ್ಟನ್ನೂ ಬರೆಸಿಕೊಳ್ಳುವ ಪುಸ್ತಕವದು. ಯಾವ ತಾಯಿ, ಯಾವ ತಂದೆ, ಯಾವ ಚೀಲ ಎಂಬುದೂ ಅದರ ಜೊತೆಗೆ ದಾಖಲಾದರೆ ಒಬ್ಬನ ಗಂಡು ಇನ್ನೊಬ್ಬನ ಹೆಣ್ಣಿನ ಬಳಿಗೆ ರಾಜಾರೋಷವಾಗಿ ಹೋಗಿಬರಬಹುದು.