ಎಂಜಿಬಿಯ ಬಿಸಿನೀರಿನ ನಲ್ಲಿ

ಬಾನೆಟ್ ಎತ್ತಿದ ಕೂಡಲೇ ಬೆಲ್ಲದ ಪಾಕ ಸೀದಂಥ ವಾಸನೆ ಬಂದರೆ, ಹಳೆಯ ಎಂಜಿಬಿ ಕಾರು ಸಾಕಿದವರು ರೇಡಿಯೇಟರಿನ ಕಡೆ ತಿರುಗಿಯೂ ನೋಡುವುದಿಲ್ಲ. ಸೀದಾ ಸಿಲಿಂಡರ್ ಹೆಡ್ಡಿನ ಹಿಂದಿನ ಮೂಲೆಗೆ ಬಗ್ಗುತ್ತಾರೆ. ಅಲ್ಲೊಂದು ಪುಟ್ಟ ನಲ್ಲಿ ಕೂತಿರುತ್ತದೆ. ಬಿಡಿಭಾಗದ ಪಟ್ಟಿಯಲ್ಲಿ ಅದರ ಹೆಸರು ಹೀಟರ್ ವಾಲ್ವ್. ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಬಾಯಲ್ಲಿ ಬರೀ ‘ಟ್ಯಾಪ್’. ಅದರ ಕೆಳಗೆ ಎಂಜಿನ್ನಿನ ಮೈಮೇಲೆ ಹಸಿರೋ ನೀಲಿಯೋ ಬಣ್ಣದ ಹುಡಿ ಒಣಗಿ ಗೆರೆ ಕಟ್ಟಿದ್ದರೆ ಕಳ್ಳ ಸಿಕ್ಕಿದ ಹಾಗೇ.

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ 5 ಲಕ್ಷಕ್ಕೂ ಮಿಕ್ಕಿ ಹೊರಬಂದ ಈ ಕಾರಿನಲ್ಲಿ, ಮೊದಮೊದಲು ಹೀಟರ್ ಬೇಕೆಂದರೆ ಬೇರೆ ದುಡ್ಡು ತೆರಬೇಕಿತ್ತು. ಅಂಥ ಚಳಿಯ ಊರಲ್ಲಿ! ನಮ್ಮವರಿಗೆ ಇದರ ಎಂಜಿನ್ ದೂರದ್ದೇನಲ್ಲ. ಅಂಬಾಸಿಡರ್ ದಶಕಗಳ ಕಾಲ ಹೊತ್ತು ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ವಂಶದವು. ಬಿಎಂಸಿ ಕಂಪನಿಯ ಬಿ-ಸೀರೀಸ್. ಅಂಬಾಸಿಡರ್ ಬಿಚ್ಚಿ ಪಳಗಿದ ಕೈಗೆ ಎಂಜಿಬಿಯ ಬಾನೆಟ್ಟಿನ ಕೆಳಗೆ ದಾರಿ ತಪ್ಪುವುದಿಲ್ಲ.

ನಲ್ಲಿಯ ಕೆಲಸ ಸರಳ. ಎಂಜಿನ್ನಿನಲ್ಲಿ ಕಾದ ಕೂಲಂಟ್ ಅದರ ಮೂಲಕ ಹೀಟರಿನ ಪುಟ್ಟ ರೇಡಿಯೇಟರಿಗೆ ಹರಿಯಬೇಕು, ಬೇಡವೆಂದಾಗ ನಿಲ್ಲಬೇಕು. ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿದರೆ ಒಂದು ಕೇಬಲ್ ನಲ್ಲಿಯ ತಲೆಯ ಮೇಲಿನ ಸನ್ನೆಯನ್ನು ಎಳೆಯುತ್ತದೆ. ಸನ್ನೆಯ ಕೆಳಗಿರುವುದು ರಬ್ಬರಿನ ಒಂದು ಬಿಲ್ಲೆ, ಡಯಾಫ್ರಮ್. ನೀರು ಹೊರಗೆ ಬಾರದಂತೆ ತಡೆಯುವುದೂ ಅದೇ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರ್ ಗಡುಸಾಗುತ್ತದೆ; ಬೇಸಿಗೆಯಿಡೀ ಅಲುಗಾಡದೆ ಕೂತು ಅಂಟಿಕೊಂಡಿರುತ್ತದೆ. ಚಳಿ ಬಂತೆಂದು ಯಾರೋ ಗುಂಡಿಯನ್ನು ಜಗ್ಗಿ ತಿರುಗಿಸಿದರೆ ರಬ್ಬರ್ ಹರಿದುಹೋಗುತ್ತದೆ.

ಜೊತೆಗೆ ಒತ್ತಡ. ಮೊದಲ ವರ್ಷಗಳ ಎಂಜಿಬಿಯ ರೇಡಿಯೇಟರ್ ಮುಚ್ಚಳ ಚದರ ಇಂಚಿಗೆ 7 ಪೌಂಡ್ ಒತ್ತಡ ತಡೆಯುವಂಥದು, ಆಮೇಲಿನದು 10 ಪೌಂಡಿನದು. ಒಂದೊಂದು ಪೌಂಡಿಗೆ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ, ನೀರು 97 ಡಿಗ್ರಿಗೇ ಕುದಿಯುವ ಬೆಂಗಳೂರಿನಲ್ಲಿ ಈ ಒತ್ತಡದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನಲ್ಲಿ ಸೋರಿದರೆ ಒತ್ತಡ ನಿಲ್ಲುವುದಿಲ್ಲ, ಕುದಿತ ಬೇಗ ಶುರುವಾಗುತ್ತದೆ. ಹಾಗಾಗಿ ‘ನಾಲ್ಕು ಹನಿ ತಾನೇ’ ಎಂದು ದಿನಾ ನೀರು ತುಂಬಿಸಿಕೊಂಡು ಓಡಿಸುವುದು ಸೋಮಾರಿತನ.

ಸೋರಿಕೆ ಎಲ್ಲಿಯದು ಎಂದು ಗುರುತಿಸಲು ಟಿಶ್ಯೂ ಕಾಗದ ಸಾಕು. ಎಂಜಿನ್ ತಣ್ಣಗಿದ್ದಾಗ ನಲ್ಲಿಯನ್ನು ಸುತ್ತಲೂ ಒಣಗಿಸಿ, ಗಾಡಿ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಐದು ನಿಮಿಷ ಸುಮ್ಮನಿರಬೇಕು. ಎಂಜಿನ್ ಆಫ್ ಆದ ಮೇಲೆ ನೀರಿನ ಓಟ ನಿಂತು ಹೆಡ್ಡಿನ ಕಾವು ಇನ್ನಷ್ಟು ಏರುತ್ತದೆ. ಗುಟ್ಟು ರಟ್ಟಾಗುವುದು ಆಗಲೇ. ಈಗ ಕಾಗದದ ತುದಿಯನ್ನು ಮೊದಲು ಹೋಸ್ ಕ್ಲಿಪ್ಪಿಗೆ, ನಂತರ ನಲ್ಲಿ ಹೆಡ್ಡಿಗೆ ಕೂಡುವ ಪ್ಯಾಕಿಂಗಿಗೆ, ಕೊನೆಗೆ ಸನ್ನೆಯ ಬುಡಕ್ಕೆ ತಾಕಿಸಬೇಕು. ಕ್ಲಿಪ್ಪಿನ ಬಳಿ ಒದ್ದೆಯಾದರೆ ಸ್ಕ್ರೂಡ್ರೈವರಿನ ಅರ್ಧ ಸುತ್ತಿನ ಕೆಲಸ. ಪ್ಯಾಕಿಂಗ್ ಆದರೆ ಅರ್ಧ ಗಂಟೆ. ಸನ್ನೆಯ ಬುಡ ಒದ್ದೆಯಾದರೆ ಡಯಾಫ್ರಮ್ ಹೋಗಿದೆ.

ಇಲ್ಲಿ ಯಾರಾದರೂ ‘ಬೈಪಾಸ್ ಮಾಡಿಬಿಡಿ ಸಾರ್, ನಮಗ್ಯಾಕೆ ಹೀಟರು’ ಅನ್ನದೆ ಇರುವುದಿಲ್ಲ. ನಲ್ಲಿ ತೆಗೆದು ಹೀಟರಿನ ದಾರಿಯನ್ನೇ ಮುಚ್ಚಿಬಿಟ್ಟರೆ ಸೋರಿಕೆ ನಿಲ್ಲುತ್ತದೆ, ನಿಜ. ಆದರೆ ಮಳೆಯಲ್ಲಿ ಮಂಜುಗಟ್ಟಿದ ಗಾಜನ್ನು ಬಟ್ಟೆಯಿಂದ ಒರೆಸುತ್ತಾ ಘಾಟಿ ಇಳಿದವರಿಗೆ ಹೀಟರಿನ ಬೆಲೆ ಗೊತ್ತು. ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನತ್ತ ಹೊರಟಾಗ ಹೀಟರನ್ನು ಪೂರ್ತಿ ತೆರೆದರೆ ಅದು ಎರಡನೇ ರೇಡಿಯೇಟರಿನಂತೆ ಕಾವು ಹೊರಹಾಕುತ್ತದೆ. ಕಾಲು ಬೇಯುತ್ತದೆ, ಎಂಜಿನ್ ಉಳಿಯುತ್ತದೆ.

ರಿಪೇರಿಗೆ ಪೂರ್ತಿ ಕೂಲಂಟ್ ಇಳಿಸಬೇಕಿಲ್ಲ. ನಲ್ಲಿ ಹೆಡ್ಡಿನಲ್ಲೇ ಇರುವುದರಿಂದ ಎರಡು ಎರಡೂವರೆ ಲೀಟರ್ ತೆಗೆದು ಮಟ್ಟವನ್ನು ಅದಕ್ಕಿಂತ ಕೆಳಗಿಳಿಸಿದರೆ ಸಾಕು. ತೆಗೆದದ್ದನ್ನು ಬೋಗುಣಿಯಲ್ಲಿ ತೆರೆದಿಡಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸಾಯುತ್ತವೆ. ಆಮೇಲೆ ಹೋಸ್. ಹಳೆಯ ಹೋಸ್ ನಲ್ಲಿಗೆ ಕಚ್ಚಿಕೊಂಡಿರುತ್ತದೆ. ತಿರುಚಿ ಎಳೆಯುವ ಬದಲು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಯ ಸಿಪ್ಪೆಯಂತೆ ಬಿಡಿಸಬೇಕು. ಹೊಸ ಹೋಸಿಗೆ ಆಗುವ ಖರ್ಚು ಅಲ್ಪ. ಎಳೆದಾಟದಲ್ಲಿ ಹೀಟರ್ ಕಡೆಯ ತೆಳು ಪೈಪು ಬಿರುಕು ಬಿಟ್ಟರೆ ಮಾತ್ರ ಕಥೆ ಬೇರೆ. ಎಂಜಿಬಿಯ ಹೀಟರ್ ಡಬ್ಬ ಹೊರತೆಗೆಯುವುದು ಎಂಥ ಶಿಕ್ಷೆಯೆಂದರೆ, ಕಾರ್ಖಾನೆಯವರು ಮೊದಲು ಹೀಟರನ್ನು ತೂಗುಹಾಕಿ ಆಮೇಲೆ ಅದರ ಸುತ್ತ ಕಾರು ಕಟ್ಟಿದರು ಎಂದು ಮಾಲೀಕರು ತಮಾಷೆ ಮಾಡುತ್ತಾರೆ.

ನಲ್ಲಿ ಕಳಚಿದ ಮೇಲೆ ಹೆಡ್ಡಿನ ಆ ಜಾಗವನ್ನು ಕೆರೆದು ನೋಡಬೇಕು. ಹಳೆಯ ಪ್ಯಾಕಿಂಗಿನ ಚೂರು, ತುಕ್ಕಿನ ಗುಳಿ ಏನೇ ಉಳಿದರೂ ಹೊಸ ಪ್ಯಾಕಿಂಗ್ ವ್ಯರ್ಥ. ತೂತಿಗೆ ಬಟ್ಟೆ ತುರುಕಿ, ಎಮರಿ ಪೇಪರಿನಲ್ಲಿ ನಯವಾಗಿ ಉಜ್ಜಿ, ಬಟ್ಟೆ ತೆಗೆಯಲು ಮರೆಯದೆ, ಹೊಸದನ್ನು ಕೂರಿಸಿ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಹೊಸ ನಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಇಂದಿನ ನಕಲುಗಳು ಡಬ್ಬಿಯಿಂದ ತೆಗೆದ ದಿನವೇ ಸೋರುತ್ತವೆಂಬ ಗೊಣಗಾಟ ಎಂಜಿಬಿ ಬಳಗದಲ್ಲಿ ಹಳೆಯದು. ಅದಕ್ಕೇ ಕೆಲವರು ಹಳೆಯದರ ಮುಚ್ಚಳದ ಮಡಿಕೆಗಳನ್ನು ಸಣ್ಣ ಉಳಿಯಿಂದ ನಿಧಾನಕ್ಕೆ ಎಬ್ಬಿಸಿ, ಡಯಾಫ್ರಮ್ ಮಾತ್ರ ಬದಲಿಸಿ, ಮತ್ತೆ ಮಡಿಚುತ್ತಾರೆ. ಮಡಿಕೆ ಒಮ್ಮೆ ತಡೆಯುತ್ತದೆ, ಎರಡನೇ ಸಲ ಮುರಿಯಬಹುದು. ಇನ್ನು ಕೆಲವರು ಹಿತ್ತಾಳೆಯ ಬಾಲ್ ವಾಲ್ವ್ ಹಾಕಿ, ಚಳಿಗೊಮ್ಮೆ ಬೇಸಿಗೆಗೊಮ್ಮೆ ಬಾನೆಟ್ ಎತ್ತಿ ಕೈಯಲ್ಲೇ ತಿರುಗಿಸುತ್ತಾರೆ. ಸೋರದು, ಆದರೆ ಡ್ಯಾಶ್‌ಬೋರ್ಡಿನ ಗುಂಡಿ ಸುಮ್ಮನೆ ಅಲಂಕಾರಕ್ಕೆ. ಮೂಲದಂತೆಯೇ ಇರಲಿ ಎನ್ನುವವರಿಗೆ ಹಳೆಯದನ್ನು ರಿಪೇರಿ ಮಾಡುವುದೇ ಮೇಲು.

ಎಂಜಿಬಿಯವರು ಒಂದು ಲೆಕ್ಕದಲ್ಲಿ ಪುಣ್ಯವಂತರು, ನಲ್ಲಿ ಬಾನೆಟ್ಟಿನ ಕೆಳಗಿದೆ. ವೋಲ್ವೋ 240ರಲ್ಲಿ ಅದು ಡ್ಯಾಶ್‌ಬೋರ್ಡಿನ ಒಳಗೆ. ಸೋರಿದ್ದು ತಿಳಿಯುವುದು ಕಾರ್ಪೆಟ್ ತೊಯ್ದ ಮೇಲೆ. ಡಬ್ಲ್ಯು 123 ಮರ್ಸಿಡಿಸ್‌ನ ಹಲವು ಕಾರುಗಳಲ್ಲಿ ಕೇಬಲ್ಲಿನ ಬದಲು ಕರೆಂಟು, ಕರೆಂಟು ಹೋದರೆ ನಲ್ಲಿ ತೆರೆದೇ ಇರುತ್ತದೆ.

ಕೊನೆಗೆ ಕೂಲಂಟ್ ತುಂಬುವಾಗ ಗುಂಡಿ ಬಿಸಿಯ ಕಡೆಗಿರಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಹೀಟರ್ ತಣ್ಣಗೇ ಉಳಿಯುತ್ತದೆ. ಹೋಸನ್ನು ಹಿಸುಕುತ್ತಾ ಗುಳ್ಳೆ ಹೊರಡಿಸಿ, ಒಂದು ಸುತ್ತು ಓಡಿಸಿ, ಪೂರ್ತಿ ತಣಿದ ಮೇಲೆ ಪ್ಯಾಕಿಂಗನ್ನು ಇನ್ನೊಮ್ಮೆ ಬಿಗಿದು, ರಾತ್ರಿ ಕಾರಿನಡಿ ಹಳೆಯ ಪೇಪರ್ ಹಾಸಿ ಮಲಗಬೇಕು. ಬೆಳಿಗ್ಗೆ ಪೇಪರಿನ ಮೇಲೆ ಹಸಿರು ಕಲೆ ಕಾಣದಿದ್ದರೆ ಕೆಲಸ ಮುಗಿಯಿತು. ಕಪ್ಪು ಎಣ್ಣೆಯ ಕಲೆ ಕಂಡರೆ, ಅದು ಇನ್ನೊಂದು ವಾರದ ಅಂಕಣ.